ಬೋಡಿಯಂ ಕೋಟೆ: ಏರಿ ಕಟ್ಟಿ ನಿಲ್ಲಿಸಿದ ಕಂದಕ

ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ ಪೂರ್ವ ಸಸೆಕ್ಸ್ ಅಂತ ಒಂದು ಸೀಮೆ ಇದೆ. ಅಲ್ಲಿ ರಾದರ್ ಎಂಬ ಸಣ್ಣ ನದಿಯ ಮೇಲಿನ ಇಳಿಜಾರಿನಲ್ಲಿ ಬೋಡಿಯಂ ಕೋಟೆ ನಿಂತಿದೆ. ಹೊರಗಿನಿಂದ ನೋಡಿದರೆ ಇದು ಹಾಳುಕೋಟೆ ಅಂತ ನಂಬುವುದೇ ಕಷ್ಟ. ಅಗಲವಾದ ಕಂದಕದ ತುಂಬ ನೀರು, ಅದರ ನಡುವೆ ಚೌಕಾಕಾರದ ಕೋಟೆ. ನಾಲ್ಕು ಮೂಲೆಗೆ ನಾಲ್ಕು ದುಂಡು ಬುರುಜು, ಒಂದೊಂದೂ ಸುಮಾರು 60 ಅಡಿ ಎತ್ತರ. ಗಾಳಿ ಇಲ್ಲದ ದಿನ ಇಡೀ ಕೋಟೆ ನೀರಿನೊಳಗೆ ತಲೆಕೆಳಗಾಗಿ ಇನ್ನೊಮ್ಮೆ ಕಾಣುತ್ತದೆ.

ಬಾಗಿಲು ದಾಟಿದರೆ ಮಾತ್ರ ತಲೆಯ ಮೇಲೆ ಬರೀ ಆಕಾಶ. ಸೂರಿಲ್ಲ, ಮಹಡಿಯಿಲ್ಲ. ಗೋಡೆಯ ಅರ್ಧ ಎತ್ತರದಲ್ಲಿ ಒಂದು ಬೆಂಕಿಗೂಡು ಒಂಟಿಯಾಗಿ ಉಳಿದಿದೆ. ಅದರ ಮುಂದೆ ಯಾರೋ ಕೂತು ಚಳಿ ಕಾಯಿಸಿಕೊಂಡ ನೆಲ ಈಗ ಇಲ್ಲ. ಹೊರಗೆ ಇಷ್ಟು ಗಟ್ಟಿ, ಒಳಗೆ ಇಷ್ಟು ಟೊಳ್ಳು. ಹೀಗೆ ಹೇಗಾಯಿತು? ಅದಕ್ಕಿಂತ ಮುಂಚೆ, ಇಷ್ಟು ನೀರು ಯಾರನ್ನು ತಡೆಯಲು? ಈ ಎರಡು ಪ್ರಶ್ನೆ ಹಿಡಿದು ಬೋಡಿಯಂ ಪ್ರಕರಣವನ್ನು ಬಿಡಿಸಿ ನೋಡೋಣ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳಬೇಕು. ನಾವು ಕೋಟೆ ಅಂದಾಗ ಬೀದರ್, ಚಿತ್ರದುರ್ಗ, ಶ್ರೀರಂಗಪಟ್ಟಣ ಕಣ್ಣಮುಂದೆ ಬರುತ್ತವೆ. ಅವುಗಳ ಒಳಗೆ ಅರಮನೆ, ಗುಡಿ, ಮಸೀದಿ, ಕಣಜ, ಒಂದು ಊರೇ ಇರುತ್ತದೆ. ಯುರೋಪಿನ ಕ್ಯಾಸಲ್ ಬೇರೆ ಜಾತಿಯದು. ಅದು ಒಬ್ಬ ಧಣಿಯ ಮನೆ, ಆ ಮನೆಗೇ ಕೋಟೆಯ ಗೋಡೆ. ಉತ್ತರ ಕರ್ನಾಟಕದ ದೇಸಾಯರ ವಾಡೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೋಡಿಯಂ ಅನ್ನು ನೀರಿನ ನಡುವೆ ಕಟ್ಟಿದ ದೊಡ್ಡ ವಾಡೆ ಅಂದುಕೊಳ್ಳಿ.

ಕಟ್ಟಿದವನು

ಇದನ್ನು ಕಟ್ಟಿಸಿದವನು ಸರ್ ಎಡ್ವರ್ಡ್ ಡಾಲಿಂಗ್ರಿಜ್. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ 1337ರಿಂದ 1453ರವರೆಗೆ ಎಳೆದಾಡಿದ ನೂರು ವರ್ಷಗಳ ಯುದ್ಧದಲ್ಲಿ ಫ್ರಾನ್ಸ್‌ಗೆ ಹೋಗಿ ಕಾದಾಡಿದ ನೈಟ್. ಆ ಕಾಲದ ಯುದ್ಧ ಅಂದರೆ ಲೂಟಿಯೂ ಹೌದು. ಸೆರೆ ಸಿಕ್ಕವರಿಗೆ ಬಿಡುಗಡೆಯ ಹಣ ಕಟ್ಟಿಸಿಕೊಳ್ಳುವುದು ಒಂದು ದೊಡ್ಡ ಸಂಪಾದನೆ. ಹಾಗೆ ಹೆಸರೂ ದುಡ್ಡೂ ಮಾಡಿದವರಲ್ಲಿ ರಾಬರ್ಟ್ ನೋಲ್ಸ್ ಎಂಬ ದಳಪತಿ ಮುಂದಿನ ಸಾಲಿನವನು. ಬೋಡಿಯಂನ ಹಿಂಬದಿಯ ದಿಡ್ಡಿ ಬಾಗಿಲ ಮೇಲೆ ಇವತ್ತಿಗೂ ನೋಲ್ಸ್ ಲಾಂಛನ ಇದೆ. ತನ್ನ ಹಳೆಯ ನಾಯಕನಿಗೆ ಡಾಲಿಂಗ್ರಿಜ್ ಕಲ್ಲಿನಲ್ಲಿ ಸಲ್ಲಿಸಿದ ಗೌರವ ಅದು.

ಊರು ಮಾತ್ರ ಹೆಂಡತಿಯ ಕಡೆಯಿಂದ ಬಂದದ್ದು. ಎಲಿಜಬೆತ್ ವಾರ್ಡ್ಯೂ ಎಂಬಾಕೆಯನ್ನು ಮದುವೆಯಾಗಿ 1378ರ ಹೊತ್ತಿಗೆ ಅವನು ಬೋಡಿಯಂನ ಜಮೀನಿಗೆ ಒಡೆಯನಾದ. ಮುಂಬಾಗಿಲ ಮೇಲೆ ಸಾಲಾಗಿರುವ ಲಾಂಛನಗಳಲ್ಲಿ ಅವನ ಮನೆತನದ ಜೊತೆಗೆ ಅವಳ ಮನೆತನದ್ದೂ ಇದೆ. 1383ರಲ್ಲಿ ಊರಿಗೆ ವಾರದ ಸಂತೆ ಮತ್ತು ವರ್ಷದ ಜಾತ್ರೆಗೆ ರಾಜನಿಂದ ಅಪ್ಪಣೆ ಪಡೆದ. 1379ರಿಂದ 1388ರವರೆಗೆ ಪಾರ್ಲಿಮೆಂಟಿನಲ್ಲಿ ಸಸೆಕ್ಸ್ ಪ್ರತಿನಿಧಿಯಾಗಿ ಮತ್ತೆ ಮತ್ತೆ ಕೂತ. ಅಂದರೆ ಇವನು ಮೇಲೆ ಬರುತ್ತಿದ್ದ ಮನುಷ್ಯ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಕಂದಕದ ಹತ್ತಿರ ಬಂದಾಗ ಬೇಕಾಗುತ್ತದೆ.

ಆ ವರ್ಷಗಳಲ್ಲಿ ಕರಾವಳಿಯ ಮೇಲೆ ಭಯ ಇದ್ದದ್ದು ನಿಜ. ಫ್ರೆಂಚರು 1377ರಲ್ಲಿ ರೈ ಪಟ್ಟಣವನ್ನು ಸುಟ್ಟರು. 1380ರಲ್ಲಿ ವಿಂಚೆಲ್ಸಿಯ ಸರದಿ. ರಾದರ್ ನದಿಯಲ್ಲಿ ಆಗ ಬೋಡಿಯಂವರೆಗೂ ದೋಣಿ ಬರುತ್ತಿತ್ತು. ಸರಕು ಬರುವ ದಾರಿಯಲ್ಲೇ ಶತ್ರುವೂ ಬರಬಹುದು ಅಲ್ವಾ?

1385ರ ಅಕ್ಟೋಬರ್ 20ರಂದು ಎರಡನೇ ರಿಚರ್ಡ್ ರಾಜ ಅನುಮತಿ ಕೊಟ್ಟ. ಇಂಗ್ಲೆಂಡಿನಲ್ಲಿ ಮನೆಗೆ ಕೋಟೆಯಂತೆ ತೆನೆ ಕಟ್ಟಲು ರಾಜನ ಪರವಾನಗಿ ಪಡೆಯುವ ಪದ್ಧತಿ ಇತ್ತು. ಬೋಡಿಯಂನಲ್ಲಿರುವ ಮನೆಗೆ ಕಲ್ಲು ಗಾರೆಯ ಗೋಡೆ ಕಟ್ಟಿ ಕೋಟೆ ಮಾಡಿಕೊಳ್ಳಬಹುದು, ಸುತ್ತಲಿನ ನಾಡಿನ ರಕ್ಷಣೆಗೆ, ಶತ್ರುಗಳನ್ನು ಎದುರಿಸಲಿಕ್ಕೆ ಅಂತ ಆ ಪತ್ರ ಹೇಳುತ್ತದೆ. ಆದರೆ ಡಾಲಿಂಗ್ರಿಜ್ ಹಳೆಯ ಮನೆಯನ್ನು ಮುಟ್ಟಲಿಲ್ಲ. ಬೇರೆ ಜಾಗ ಆರಿಸಿ, ಎಲ್ಲವನ್ನೂ ಹೊಸದಾಗಿ ಕಟ್ಟಿಸಿದ.

ನೀರನ್ನು ನಿಲ್ಲಿಸಿದ ಬಗೆ

ನನಗೆ ಈ ಇಡೀ ಪ್ರಕರಣದಲ್ಲಿ ಜಾಸ್ತಿ ಹಿಡಿಸುವುದು ಈ ಭಾಗ. ಕಂದಕ ಅಂದರೆ ನಮ್ಮ ತಲೆಯಲ್ಲಿ ತೋಡಿದ ಗುಂಡಿ. ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು ಮೂರು ಸಾಲು ಕಂದಕ ಮಾಡಿದ್ದಾರೆ. ಬೋಡಿಯಂನ ಕಂದಕ ಅಂಥದ್ದಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕೆರೆಯ ಭಾಷೆ ಬೇಕು.

ಜಾಗ ಇರುವುದು ಇಳಿಜಾರಿನಲ್ಲಿ. ಉತ್ತರಕ್ಕೆ ದಿಣ್ಣೆ, ದಕ್ಷಿಣಕ್ಕೆ ನದಿಯ ಬಯಲು. ಮೇಲ್ಭಾಗದಲ್ಲಿ ಮಣ್ಣು ಕಡಿದರು. ಕೆಳಭಾಗದಲ್ಲಿ ಮಣ್ಣು ಏರಿಸಿದರು. ಒಳಗೆ ಒರತೆಗಳಿಂದ ನೀರು ಬಂದು ತುಂಬಿತು. ದಕ್ಷಿಣದ ದಡ ಅನ್ನುವುದು ನಿಜಕ್ಕೂ ಒಂದು ಏರಿ. ಕೆರೆಯ ಏರಿಯ ಹಾಗೆಯೇ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ತಗ್ಗು. ಹೆಸರು ಕಂದಕ, ಕಟ್ಟಿದ ರೀತಿ ಕೆರೆಯದು. ಆಳವೂ ನಾವು ಊಹಿಸಿಕೊಳ್ಳುವಷ್ಟಿಲ್ಲ. ಸರಾಸರಿ 5 ಅಡಿಯ ಆಸುಪಾಸು. ಆದರೆ ಅಗಲ ಧಾರಾಳ. ಕೋಟೆಯ ಗೋಡೆ ಎಲ್ಲಿಂದ ನೋಡಿದರೂ ನೀರಿನಿಂದಲೇ ಎದ್ದ ಹಾಗೆ ಕಾಣಬೇಕು, ಅಷ್ಟು ಅಗಲ.

ನೀರಿನ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1386ರಲ್ಲಿ ಹಿಟ್ಟಿನ ಗಿರಣಿ ತಿರುಗಿಸಲು ಹೊಳೆಯ ನೀರನ್ನು ತಿರುಗಿಸಿಕೊಳ್ಳಲು ಡಾಲಿಂಗ್ರಿಜ್ ಮತ್ತೊಂದು ಅನುಮತಿ ಪಡೆದ. ಕೋಟೆಯ ಕೆಳಗೆ ದೋಣಿ ನಿಲ್ಲುವ ಕಟ್ಟೆ, ಗಿರಣಿಯ ಕೊಳ, ಸುತ್ತಮುತ್ತ ಸಣ್ಣ ಹೊಂಡಗಳು, ಹೀಗೆ ಇಡೀ ಕಣಿವೆಯನ್ನೇ ನೀರಿನ ಲೆಕ್ಕದಲ್ಲಿ ಮತ್ತೆ ಜೋಡಿಸಿದ.

ಇನ್ನು ಒಳಗೆ ಹೋಗುವ ದಾರಿ. ಈಗ ಉತ್ತರದ ದಡದಿಂದ ನೇರವಾಗಿ ಒಂದು ಸೇತುವೆ ಇದೆ. ಮೂಲದಲ್ಲಿ ಹಾಗಿರಲಿಲ್ಲ. ಬರುವವರು ಪಶ್ಚಿಮದ ದಡದಿಂದ ಉದ್ದನೆಯ ಮರದ ಸೇತುವೆ ಹತ್ತಬೇಕಿತ್ತು. ಅದು ಕೋಟೆಯ ಮುಂಭಾಗಕ್ಕೆ ಅಡ್ಡಲಾಗಿ ಸಾಗಿ ಎಂಟು ಮೂಲೆಯ ಸಣ್ಣ ದ್ವೀಪಕ್ಕೆ ಬರುತ್ತಿತ್ತು. ಅಲ್ಲಿ ಬಲಕ್ಕೆ ತಿರುಗಬೇಕು. ಮತ್ತೆ ಸೇತುವೆ, ಮುಂಗಾವಲಿನ ಕಟ್ಟಡ, ಇನ್ನೊಂದು ಸೇತುವೆ, ಆಮೇಲೆ ಹೆಬ್ಬಾಗಿಲು. ಅಲ್ಲಿ ಒಂದರ ಹಿಂದೆ ಒಂದು ಮೇಲಿಂದ ಇಳಿಯುವ ಜಾಲರಿ ಬಾಗಿಲು. ತಲೆಯ ಮೇಲಿನ ಕಮಾನಿನಲ್ಲಿ ತೂತುಗಳು. ಒಳನುಗ್ಗಿದವರ ಮೇಲೆ ಅಲ್ಲಿಂದ ಏನನ್ನಾದರೂ ಸುರಿಯಬಹುದು. ಎರಡೂ ಪಕ್ಕ ಆಗಿನ ಹೊಸ ಆಯುಧವಾದ ಬಂದೂಕಿಗೆ ಕೀಲಿಕೈ ತೂತಿನ ಆಕಾರದ ಕಂಡಿಗಳು.

ಆ ಉದ್ದ ಸೇತುವೆಯ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ನಡೆಯುವ ಸೈನಿಕನ ಎಡಗೈಯಲ್ಲಿ ಗುರಾಣಿ, ಬಲಗೈಯಲ್ಲಿ ಕತ್ತಿ. ಕೋಟೆ ಅವನ ಬಲಕ್ಕೆ. ಗುರಾಣಿ ಇಲ್ಲದ ಮೈ ಪೂರ್ತಿ ಬಿಲ್ಲುಗಾರರಿಗೆ ಒಡ್ಡಿದಂತೆ. ಯುದ್ಧ ಬಲ್ಲವನ ಲೆಕ್ಕ ಇದು ಅಂತ ಒಂದು ಪಕ್ಷ ಹೇಳುತ್ತದೆ. ಅದೇ ಸೇತುವೆಯ ಮೇಲೆ ಅತಿಥಿಯಾಗಿ ನಡೆಯುವವನಿಗೆ ಕೋಟೆಯ ಮುಖ ಉದ್ದಕ್ಕೂ ಕಾಣುತ್ತದೆ, ನೀರಿನಲ್ಲಿ ಅದರ ನೆರಳೂ ಕಾಣುತ್ತದೆ. ಮೆರವಣಿಗೆಗೆ ಇದಕ್ಕಿಂತ ಒಳ್ಳೆಯ ದಾರಿ ಬೇಡ ಅಂತ ಇನ್ನೊಂದು ಪಕ್ಷ.

ಯುದ್ಧಕ್ಕೋ, ನೋಟಕ್ಕೋ

ಇತಿಹಾಸಕಾರರು ಬೋಡಿಯಂ ವಿಷಯದಲ್ಲಿ ದಶಕಗಳಿಂದ ಗುದ್ದಾಡುತ್ತಿದ್ದಾರೆ. ಹಳೆಯ ಓದು ಸರಳ. ಅನುಮತಿ ಪತ್ರದಲ್ಲಿ ರಕ್ಷಣೆ ಅಂತಿದೆ, ಕಟ್ಟಿದವನು ಯೋಧ, ಆದ್ದರಿಂದ ಇದು ಯುದ್ಧದ ಕೋಟೆ. 20ನೇ ಶತಮಾನದ ಕೊನೆಗೆ ಚಾರ್ಲ್ಸ್ ಕೂಲ್ಸನ್‌ನಂಥ ವಿದ್ವಾಂಸರು ಅದನ್ನು ಬಲವಾಗಿ ಪ್ರಶ್ನಿಸಿದರು. ಹೊರಗೋಡೆಯಲ್ಲೇ ಇಷ್ಟು ದೊಡ್ಡ ಕಿಟಕಿಗಳು ಯಾಕೆ? ಪ್ರಾರ್ಥನಾ ಮಂದಿರದ ಕಿಟಕಿಯಂತೂ ಪೂರ್ವದ ಗೋಡೆಯನ್ನೇ ತೆರೆದುಬಿಟ್ಟಿದೆ. ಮುಂಬಾಗಿಲಿಗೆ ಇರುವಷ್ಟು ಕಾವಲು ಹಿಂದಿನ ದಿಡ್ಡಿ ಬಾಗಿಲಿಗೆ ಯಾಕಿಲ್ಲ? ಎಲ್ಲಕ್ಕಿಂತ ಮುಖ್ಯವಾಗಿ, ಶತ್ರು ಬಂದು ಏರಿ ಒಡೆದರೆ ಏನು ಗತಿ?

ಈ ಕೊನೆಯ ಪ್ರಶ್ನೆ ಕೆರೆಯ ಕೆಳಗೆ ಬದುಕಿದ ಯಾರಿಗಾದರೂ ತಟ್ಟುತ್ತದೆ. ಏರಿ ಒಡೆದರೆ ಕೆರೆ ಉಳಿಯುವುದಿಲ್ಲ. ಬಂಡೆಯಲ್ಲಿ ಕಡಿದ ಕಂದಕವನ್ನು ಹೀಗೆ ಖಾಲಿ ಮಾಡಲಾಗದು, ಮಣ್ಣಿನ ಏರಿಯ ಕಂದಕವನ್ನು ಮಾಡಬಹುದು. ಹಾಗಂತ ಅದು ಸುಲಭದ ಕೆಲಸವೂ ಅಲ್ಲ. ಅಗಲವಾದ ಏರಿಯನ್ನು ಗುದ್ದಲಿ ಹಿಡಿದು ಕಡಿಯಬೇಕು, ಅದೂ ಗೋಡೆಯ ಮೇಲಿಂದ ಬಾಣ ಬರುತ್ತಿರುವಾಗ. ನೀರು ಹೋದ ಮೇಲೂ ಉಳಿಯುವುದು ಸೊಂಟದವರೆಗೆ ಹೂಳುವ ಕೆಸರು.

1988ರಲ್ಲಿ ಸುತ್ತಲಿನ ನೆಲದ ಉಬ್ಬುತಗ್ಗುಗಳನ್ನು ಅಳೆದಾಗ ವಾದ ಇನ್ನೊಂದು ದಿಕ್ಕಿಗೆ ಹೊರಳಿತು. ಕೋಟೆಯ ಸುತ್ತ ಹೊಂಡಗಳ ಗುರುತು ಸಿಕ್ಕಿತು. ಉತ್ತರದ ದಿಣ್ಣೆಯ ಮೇಲಿನ ಸಮತಟ್ಟು ಜಾಗ ಕೋಟೆಯನ್ನು ನೋಡಲಿಕ್ಕೆಂದೇ ಮಾಡಿದ ಜಗುಲಿ ಅಂತ ಅಳತೆ ಮಾಡಿದವರು ಓದಿದರು. ಕೋಟೆಯನ್ನು ಒಂದು ಚಿತ್ರದಂತೆ ಕೂರಿಸಿದ್ದಾರೆ ಅನ್ನುವ ಮಾತು ಅಲ್ಲಿಂದ ಹಬ್ಬಿತು. ಮುಂದೆ 2010ರ ದಶಕದಲ್ಲಿ ಪುರಾತತ್ವಜ್ಞ ಮ್ಯಾಥ್ಯೂ ಜಾನ್ಸನ್ ಮತ್ತು ಅವರ ತಂಡ ಮತ್ತೆ ಅಳತೆಗೆ ಇಳಿಯಿತು. ಯುದ್ಧವೋ ನೋಟವೋ ಎಂಬ ಜಗಳವನ್ನು ಪಕ್ಕಕ್ಕಿಟ್ಟು, ಇಲ್ಲಿ ಬದುಕಿದವರ ದಿನಚರಿ ನೋಡಿ ಅಂದಿತು. ಗಿರಣಿ, ದೋಣಿಕಟ್ಟೆ, ಹೊಲ, ಅಡುಗೆಮನೆ, ಇವೂ ಕೋಟೆಯೇ.

ನನ್ನ ತೀರ್ಮಾನ ಹೇಳುತ್ತೇನೆ. ಅದಕ್ಕೆ ಅನುಮತಿ ಪತ್ರಕ್ಕಿಂತ ಒಂದು ವರ್ಷ ಹಿಂದೆ ಹೋಗಬೇಕು. ರಾಜನ ಚಿಕ್ಕಪ್ಪ ಜಾನ್ ಆಫ್ ಗಾಂಟ್ ಆ ಕಾಲದ ಅತಿ ದೊಡ್ಡ ಜಮೀನ್ದಾರ. ಸಸೆಕ್ಸ್‌ನಲ್ಲಿ ಅವನ ಅಧಿಕಾರಿಗಳಿಗೂ ಡಾಲಿಂಗ್ರಿಜ್‌ಗೂ ಜಟಾಪಟಿ ಆಗಿ, 1384ರಲ್ಲಿ ಡಾಲಿಂಗ್ರಿಜ್ ವಿಚಾರಣೆ ಎದುರಿಸಿದ. ಅಲ್ಲಿ ತಲೆ ತಗ್ಗಿಸಲಿಲ್ಲ. ಕೈಗವಸು ಎಸೆದು ದ್ವಂದ್ವ ಯುದ್ಧಕ್ಕೆ ಕರೆದ. ಮರುವರ್ಷವೇ ಈ ಕೋಟೆ. ಫ್ರೆಂಚರ ಭಯ ಸುಳ್ಳಲ್ಲ. ಆದರೆ ಈ ನೀರಿನ ಮುಖ ಇರುವುದು ಮುಖ್ಯವಾಗಿ ನೆರೆಹೊರೆಯ ಕಡೆಗೆ. ಇನ್ನು ಮುಂದೆ ನನ್ನ ಮನೆಗೆ ಬರುವವರು ನಾನು ಹೇಳಿದ ದಾರಿಯಲ್ಲಿ, ನಾನು ಹೇಳಿದಷ್ಟು ಹೊತ್ತು ನಡೆದು ಬರಬೇಕು ಅಂತ ಅದು ಹೇಳುತ್ತದೆ. ಯುದ್ಧದ ಭಾಷೆ ಬಲ್ಲವನು ಅದೇ ಭಾಷೆಯಲ್ಲಿ ತನ್ನ ಅಂತಸ್ತನ್ನು ಸಾರಿದ. ಇದನ್ನು ಸುಮ್ನೆ ಆಡಂಬರ ಅಂದರೆ ಆ ಕಾಲದವರಿಗೆ ಅನ್ಯಾಯ ಮಾಡಿದ ಹಾಗೆ.

ಒಳಗಿನ ಮನೆ

ಅಂಗಳದ ನಾಲ್ಕೂ ಬದಿಗೆ ಕೋಣೆಗಳ ಸಾಲು ಇತ್ತು. ದಕ್ಷಿಣಕ್ಕೆ ದೊಡ್ಡ ಹಜಾರ. ಹಜಾರದ ತುದಿಯಲ್ಲಿ ಮೂರು ಕಮಾನು ಬಾಗಿಲು ಈಗಲೂ ಚೆನ್ನಾಗಿ ಉಳಿದಿವೆ. ಒಂದು ಅಡುಗೆಮನೆಗೆ, ಇನ್ನೆರಡು ಪಾನೀಯ ಮತ್ತು ರೊಟ್ಟಿಯ ಉಗ್ರಾಣಗಳಿಗೆ. ಧಣಿಯ ಖಾಸಗಿ ಕೋಣೆಗಳು ಹಜಾರದ ಪೂರ್ವಕ್ಕೆ. ಆಳುಗಳಿಗೆ ಪಶ್ಚಿಮದಲ್ಲಿ ಬೇರೆ ಹಜಾರ. ನೈಋತ್ಯದ ಬುರುಜಿನ ತಳದಲ್ಲಿ ಬಾವಿ, ತುದಿಯಲ್ಲಿ ಪಾರಿವಾಳದ ಗೂಡುಗಳು. ಆ ಪಾರಿವಾಳ ಊಟಕ್ಕೆ.

ಬೆಂಕಿಗೂಡುಗಳು 30ಕ್ಕೂ ಹೆಚ್ಚು. ಶೌಚದ ಕೋಣೆಗಳು 28, ಎಲ್ಲವೂ ನೇರ ಕಂದಕಕ್ಕೇ ಬೀಳುವಂಥವು. ಕನ್ನಡಿಯಂಥ ಆ ನೀರು ಮನೆಯ ಚರಂಡಿಯೂ ಆಗಿತ್ತು. ಫೋಟೋ ನೋಡುವಾಗ ಇದನ್ನು ಮರೆಯಬಾರದು. ಆದರೆ 14ನೇ ಶತಮಾನದಲ್ಲಿ ಒಂದೇ ಮನೆಗೆ ಅಷ್ಟು ಶೌಚ, ಅಷ್ಟು ಬೆಂಕಿ ಅಂದರೆ ಅದು ದೊಡ್ಡ ಸೌಕರ್ಯ.

ಹಾಳು ಮಾಡಿದ್ದು ಯಾರು

ಫ್ರೆಂಚರಂತೂ ಇಲ್ಲಿಗೆ ಬರಲೇ ಇಲ್ಲ. ಕೋಟೆ 1470ರಲ್ಲಿ ಮದುವೆಯ ಮೂಲಕ ಲ್ಯೂಕ್ನರ್ ಮನೆತನಕ್ಕೆ ಹೋಯಿತು. 1483ರಲ್ಲಿ ಮೂರನೇ ರಿಚರ್ಡ್ ರಾಜ ತನ್ನ ವಿರೋಧಿಯಾದ ಲ್ಯೂಕ್ನರ್ ಮೇಲೆ ಸೈನ್ಯ ಕಳಿಸಲು ಆಜ್ಞೆ ಮಾಡಿದ. ಕೋಟೆ ಹೆಚ್ಚು ಪ್ರತಿರೋಧವಿಲ್ಲದೆ ಕೈಬಿಟ್ಟಿತು. 1485ರಲ್ಲಿ ರಿಚರ್ಡ್ ಸತ್ತು ಏಳನೇ ಹೆನ್ರಿ ಬಂದ ಮೇಲೆ ಅದು ಹಿಂದಿನವರಿಗೆ ಮರಳಿತು. ಈ ಕಂದಕದ ಯುದ್ಧಾನುಭವ ಇಷ್ಟೇ.

ನಿಜವಾದ ಹಾನಿ ಮಾಡಿದ್ದು ದಂಡದ ಹಣ. 1640ರ ದಶಕದ ಅಂತರ್ಯುದ್ಧದಲ್ಲಿ ಆಗಿನ ಒಡೆಯ, ಥ್ಯಾನೆಟ್‌ನ ಅರ್ಲ್ ಜಾನ್ ಟಫ್ಟನ್, ರಾಜನ ಪರ ನಿಂತ. ಪಾರ್ಲಿಮೆಂಟ್ ಅವನಿಗೆ ಭಾರಿ ದಂಡ ಹಾಕಿತು. ಆ ದಂಡ ತೆರಲು 1644ರಲ್ಲಿ ಅವನು ಬೋಡಿಯಂ ಮಾರಿದ. ಕೊಂಡವನು ಪಾರ್ಲಿಮೆಂಟ್ ಪಕ್ಷದ ನಥಾನಿಯಲ್ ಪವೆಲ್. ಆಮೇಲೆ ಒಳಗಿನ ಕಟ್ಟಡ, ಮುಂಗಾವಲು, ಸೇತುವೆ ಎಲ್ಲವನ್ನೂ ಕಳಚಿದರು. ಹೊರಗೋಡೆ ಮತ್ತು ಬುರುಜು ಮಾತ್ರ ನಿಂತವು. ಹೊರಗೆ ಪೂರ್ತಿ, ಒಳಗೆ ಖಾಲಿ ಅನ್ನುವ ಒಗಟಿಗೆ ಉತ್ತರ ಇದು.

ಮುಂದೆ ಐವಿ ಬಳ್ಳಿ ಗೋಡೆಯನ್ನು ನುಂಗಿತು. ಹಾಳುಕೋಟೆ ನೋಡಿ ಚಿತ್ರ ಬರೆಯಲು ಕಲಾವಿದರು ಬಂದರು. 1829ರಲ್ಲಿ ಕೋಟೆ ಒಡೆಯುವವರ ಪಾಲಾಗುವುದರಲ್ಲಿತ್ತು. ಪಕ್ಕದ ಬ್ರೈಟ್ಲಿಂಗ್‌ನ ಜಾನ್ ಫುಲ್ಲರ್ 3000 ಪೌಂಡ್ ಕೊಟ್ಟು ಉಳಿಸಿದ, ಒಂದು ಬುರುಜು ರಿಪೇರಿ ಮಾಡಿಸಿದ. ಫುಲ್ಲರ್‌ಗೆ ಜಮೈಕಾದಲ್ಲಿ ಗುಲಾಮರು ದುಡಿಯುವ ತೋಟಗಳಿದ್ದವು. ಪಾರ್ಲಿಮೆಂಟಿನಲ್ಲಿ ಗುಲಾಮಗಿರಿಯ ಪರ ಮಾತಾಡಿದವನು ಅವನು. ಕಟ್ಟಿದ ದುಡ್ಡಿನಲ್ಲಿ ಫ್ರಾನ್ಸಿನ ಲೂಟಿ, ಉಳಿಸಿದ ದುಡ್ಡಿನಲ್ಲಿ ಜಮೈಕಾದ ಬೆವರು. ಈ ಕಲ್ಲುಗಳ ಕಥೆ ಹೇಳುವಾಗ ಅವರನ್ನೂ ಹೇಳಬೇಕು ಅಂತ ನನಗೆ ಅನಿಸುತ್ತದೆ.

ಬಿಜಾಪುರ ನೋಡಿದವನು ಬೋಡಿಯಂ ಕೊಂಡ

ಕೊನೆಯ ಖಾಸಗಿ ಒಡೆಯ ನಮಗೆ ಗೊತ್ತಿರುವವನೇ. 1899ರಿಂದ 1905ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್. ಬಂಗಾಳ ಒಡೆದವನು ಅಂತ ನಾವು ಶಾಲೆಯಲ್ಲಿ ಓದಿದ್ದೇವೆ, ಆ ಗಾಯ ಸಣ್ಣದಲ್ಲ. ಅದೇ ಮನುಷ್ಯ ಸೊರಗಿದ್ದ ಪುರಾತತ್ವ ಇಲಾಖೆಗೆ ಜೀವ ತುಂಬಿದ. 1902ರಲ್ಲಿ ಜಾನ್ ಮಾರ್ಷಲ್‌ನನ್ನು ಅದರ ಮುಖ್ಯಸ್ಥನಾಗಿ ತಂದ. 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾಯ್ದೆ ಮಾಡಿಸಿದ. ಬಿಜಾಪುರದ ಒಂದು ಮಸೀದಿಯಲ್ಲಿ ಸರ್ಕಾರ ಡಾಕ್ ಬಂಗಲೆ ನಡೆಸುತ್ತಿತ್ತು. ಅದನ್ನು ಖಾಲಿ ಮಾಡಿಸಿದವನೂ ಕರ್ಜನ್.

ಊರಿಗೆ ಮರಳಿದ ಮೇಲೂ ಆ ಗೀಳು ಬಿಡಲಿಲ್ಲ. 1911ರಲ್ಲಿ ಲಿಂಕನ್‌ಶೈರಿನ ಟ್ಯಾಟರ್ಸಲ್ ಕೋಟೆಯನ್ನು ಕೊಂಡ. ಅದರ ಕೆತ್ತನೆಯ ಬೆಂಕಿಗೂಡುಗಳನ್ನು ಕಿತ್ತು ಸಾಗಿಸಿಬಿಟ್ಟಿದ್ದರು, ಅವನ್ನೂ ಹುಡುಕಿ ವಾಪಸ್ ತಂದ. 1917ರಲ್ಲಿ ಬೋಡಿಯಂ ಕೊಂಡ. 1919ರಿಂದ ವಾಸ್ತುಶಿಲ್ಪಿ ವಿಲಿಯಂ ವಿಯರ್ ಜೊತೆ ಕೆಲಸ ಶುರು. ಕಂದಕದ ನೀರು ಖಾಲಿ ಮಾಡಿಸಿದರು, ಬಳ್ಳಿ ಕೀಳಿಸಿದರು, ಸಡಿಲ ಗೋಡೆ ಬಿಗಿ ಮಾಡಿಸಿದರು. ಕೆಸರಿನಲ್ಲಿ ಮೂಲ ಸೇತುವೆಯ ಓಕ್ ಮರದ ತೊಲೆಗಳು ಸಿಕ್ಕವು. ನೀರಿನಡಿ ಗಾಳಿ ತಾಗದೆ 500 ವರ್ಷ ಉಳಿದಿದ್ದವು. ಅಡ್ಡಲಾಗಿ ಬಂದು ಬಲಕ್ಕೆ ತಿರುಗುವ ಆ ಹಳೆಯ ದಾರಿಗೆ ನೆಲದಲ್ಲೇ ಸಾಕ್ಷಿ ಸಿಕ್ಕಂತಾಯಿತು. ಕರ್ಜನ್ 1925ರಲ್ಲಿ ತೀರಿಕೊಂಡ. ಎರಡೂ ಕೋಟೆಗಳನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬರೆದುಕೊಟ್ಟಿದ್ದ.

ಈಗ ಹೋದರೆ

ಹೋಗುವ ಅವಕಾಶ ಸಿಕ್ಕರೆ ನೇರ ಸೇತುವೆ ಹತ್ತಲು ಅವಸರ ಮಾಡಬೇಡಿ. ಮೊದಲು ಪಶ್ಚಿಮದ ದಡಕ್ಕೆ ಹೋಗಿ. ಹಳೆಯ ಸೇತುವೆ ಶುರುವಾಗುತ್ತಿದ್ದ ಕಲ್ಲಿನ ಕಟ್ಟೆ ಅಲ್ಲಿದೆ. ಅಲ್ಲಿಂದ ಎಂಟು ಮೂಲೆಯ ದ್ವೀಪವನ್ನು ನೋಡಿದರೆ ದಾರಿ ಕಣ್ಣಲ್ಲೇ ಮೂಡುತ್ತದೆ. ಹೆಬ್ಬಾಗಿಲಲ್ಲಿ ತಲೆ ಎತ್ತಿ. ಕಬ್ಬಿಣದ ಪಟ್ಟಿ ಹೊಡೆದ ಓಕ್ ಮರದ ಜಾಲರಿ ಬಾಗಿಲು ತೂಗುತ್ತಿದೆ. ಅದರ ಮರ ಮಧ್ಯಯುಗದ್ದೇ ಅಂತ ಕಾರ್ಬನ್ ಪರೀಕ್ಷೆ ಹೇಳಿದೆ. ಇಂಥ ಮೂಲ ಬಾಗಿಲು ಉಳಿದಿರುವ ಕೋಟೆಗಳು ಬಹಳ ಕಡಿಮೆ.

ಆಮೇಲೆ ದಕ್ಷಿಣದ ಏರಿಯ ಮೇಲೆ ನಡೆಯಿರಿ. ಒಂದು ಪಕ್ಕ ನಿಂತ ನೀರು, ಇನ್ನೊಂದು ಪಕ್ಕ ತಗ್ಗಿನಲ್ಲಿ ರಾದರ್ ಬಯಲು. ಕೋಟೆಯ ಆವರಣದಲ್ಲೇ ಪಿಲ್‌ಬಾಕ್ಸ್ ಎಂಬ ಕಾಂಕ್ರೀಟ್ ಕಾವಲುಗೂಡೂ ಸಿಗುತ್ತದೆ. 1940ರಲ್ಲಿ ಜರ್ಮನ್ನರು ಸಮುದ್ರ ದಾಟಿ ಬಂದಾರು ಅಂತ ಕಟ್ಟಿದ್ದು. ಡಾಲಿಂಗ್ರಿಜ್ ಕಾದಿದ್ದ ಅದೇ ಕಣಿವೆ, ಅದೇ ದಿಕ್ಕು.